ನೀಲಕಂಠಪ್ಪ ಕಾಕಾ ಓದಿಕೊಟ್ಟ ಮೂರು ಕಾಗದ

ನ್ಯಾಷನಲ್ ಸಿಟಿ, ಸ್ಯಾನ್ ಡಿಯಾಗೊ
8 ಮಾರ್ಚ್ 1981

ಮೈಥಿಲಿ ಅವರಿಗೆ,

ಬಾಳಾಸಾಹೇಬರ ಕೈಯಲ್ಲಿ ನೀವು ಹೇಳಿಕಳಿಸಿದ್ದು ಮುಟ್ಟಿತು. ಮಗಳು ಕೋಕಿಲಾ ತನ್ನ ಅಪ್ಪನ ವಿಷಯ ಕೇಳತೊಡಗಿದ್ದಾಳೆ, ಪತ್ರಗಳೆಲ್ಲ ಬೇಕು ಎಂದಿರಂತೆ. ನೀವು ನನಗೆ ಬರೆದವುಗಳ ಮೂಲವನ್ನೂ ನಾನು ನಿಮಗೆ ಬರೆದವುಗಳ ಕಾರ್ಬನ್ ಪ್ರತಿಯನ್ನೂ ತಾರೀಖಿನ ಪ್ರಕಾರ ಜೋಡಿಸಿ ಕಳಿಸುತ್ತಿದ್ದೇನೆ. ಕಾರ್ಬನ್ ಇಡದೆ ಯಾರಿಗೂ ಒಂದು ಸಾಲು ಬರೆದವನಲ್ಲ ನಾನು. ಸ್ಟೋರ್‌ಕೀಪರನ ಚಾಳಿ.

ಇಡೀ ವ್ಯವಹಾರಕ್ಕೆ ಹಿಡಿದದ್ದು ಇಷ್ಟು. ನಮ್ಮಿಬ್ಬರ ಕನ್ನಡ ಪತ್ರ ಮೂವತ್ತೊಂದು. ಅದರಲ್ಲಿ ಬರೀ ಪಾಠ ಇರುವ ಹದಿನಾರನ್ನು ಬೇರೆ ಕಟ್ಟಿದ್ದೇನೆ. ಇಸ್ಫಹಾನಿನಿಂದ ಬಂದ ಕಾಗದ ಮೂರು. ಟೆಲಿಫೋನ್ ಕರೆ ಎರಡು, ಒಟ್ಟು ಹನ್ನೊಂದು ನಿಮಿಷ. ಫಾರಸಿ ವಾಕ್ಯ ಬರೆದ ಕಾರ್ಡು ಇನ್ನೂರ ಅರವತ್ತು. ಮನುಷ್ಯ ಒಬ್ಬ.

ಯಾವ ಪತ್ರವನ್ನೂ ತೆಗೆದಿಲ್ಲ, ಯಾವ ಸಾಲಿಗೂ ಮಸಿ ಬಳಿದಿಲ್ಲ. ನನ್ನ ಮಾತು ಎಲ್ಲೆಲ್ಲಿ ಹೇಗಿತ್ತೋ ಹಾಗೇ ಇದೆ.

ನೀಲಕಂಠಪ್ಪ

*

ಟೊರೆನ್ಸ್
3 ಏಪ್ರಿಲ್ 1979

ಶ್ರೀ ನೀಲಕಂಠಪ್ಪನವರಿಗೆ ನಮಸ್ಕಾರ.

ಭಾನುವಾರ ರಾಂಚೊ ಬರ್ನಾರ್ಡೊದಲ್ಲಿ ಬಾಳಾಸಾಹೇಬರ ಮನೆಯ ಯುಗಾದಿ ಊಟಕ್ಕೆ ನಾನೂ ಬಂದಿದ್ದೆ. ಡಾಕ್ಟರ್ ಪಾಂಡುರಂಗ ಅವರು "ಎಲ್ಲಿ ನೀಲಕಂಠಪ್ಪನವರೆ, ನಿಮ್ಮ ಪರ್ಷಿಯನ್ ಸ್ವಲ್ಪ ಬಿಡಿ ನೋಡೋಣ" ಎಂದಾಗ ನೀವು ಐದು ನಿಮಿಷ ಉಸಿರು ತೆಗೆದುಕೊಳ್ಳದೆ ಮಾತಾಡಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೂಲೆಯಲ್ಲಿ ಕೂತು, ಈ ಮನುಷ್ಯನನ್ನು ಹೇಗೆ ಕೇಳುವುದು ಎಂದು ಯೋಚಿಸುತ್ತಿದ್ದೆ.

ನನ್ನ ಯಜಮಾನರು ಇಂದುಶೇಖರ, ಇಲ್ಲಿಯ ಒಂದು ಕಂಪನಿಯ ಇಂಜಿನಿಯರ್. ರೇಡಿಯೋ ಸೆಟ್ಟುಗಳನ್ನು ಕೂರಿಸುವ ಕೆಲಸಕ್ಕೆ ಕಂಪನಿ ಅವರನ್ನು 1977ರಲ್ಲಿ ಇರಾನಿನ ಇಸ್ಫಹಾನಿಗೆ ಕಳಿಸಿತು. ಹೋದ ಡಿಸೆಂಬರಿನಲ್ಲಿ ಅಲ್ಲಿ ಕ್ರಾಂತಿಯ ಗಲಾಟೆ ಜೋರಾದಾಗ ಅಮೆರಿಕದ ಪಾಸ್‌ಪೋರ್ಟಿನವರನ್ನೆಲ್ಲ ವಿಮಾನ ಹತ್ತಿಸಿದರು. ಇವರದು ಇಂಡಿಯಾ ಪಾಸ್‌ಪೋರ್ಟು. "ಗೋದಾಮು ನೋಡಿಕೊಂಡಿರಿ, ಮುಂದಿನ ವಿಮಾನ ನಿಮಗೆ" ಎಂದರಂತೆ. ಮುಂದಿನ ವಿಮಾನ ಬರಲಿಲ್ಲ. ಮಾರ್ಚ್ ಹತ್ತರಂದು ಊರಿನ ಯಾವುದೋ ಹೊಸ ಸಮಿತಿಯವರು ಬಂದು ಹಿಡಿದುಕೊಂಡು ಹೋಗಿದ್ದಾರೆ. ಈಗ ಸೆರೆಯಲ್ಲಿದ್ದಾರೆ ಎಂದು ಕಂಪನಿಯವರಿಂದ ತಿಳಿಯಿತು. ಅಲ್ಲಿಂದ ಅವರಿಗೆ ಬರೆಯಲು ಬಿಡುವುದಿಲ್ಲ.

ಅವರನ್ನು ಕಾಣಲು ಬಿಡುವುದು ಒಬ್ಬರನ್ನೇ, ಅವರಿದ್ದ ಮನೆಯ ಒಡತಿ ಇಜ್ಜತ್ ಖಾನಂ ಎಂಬ ವಿಧವೆಯನ್ನು. ಆಕೆಗೆ ಪರ್ಷಿಯನ್ ಬಿಟ್ಟು ಬೇರೆ ಬಾರದು. ಪಕ್ಕದ ರೊಟ್ಟಿ ಅಂಗಡಿಯಲ್ಲಿ ಫೋನು ಇದೆ. ಆಕೆಯ ಹತ್ತಿರ ನಾಲ್ಕು ಮಾತು ಆಡುವಷ್ಟು ನನಗೆ ಕಲಿಸಿಕೊಡುತ್ತೀರಾ?

ಇಲ್ಲಿಯ ಇರಾನಿಯವರನ್ನು ಕೇಳಬಹುದಿತ್ತು. ಆದರೆ ಇವರು ಫೋನಿನಲ್ಲಿ ಆಡಿದ ಕಡೆಯ ಮಾತೇ "ನನ್ನ ವಿಷಯ ಅಲ್ಲಿನ ಇರಾನಿಯವರ ಹತ್ತಿರ ಆಡಬೇಡ, ಯಾರು ಯಾರ ಕಡೆಯೋ ಗೊತ್ತಾಗಲ್ಲ" ಎಂದು. ನೀವು ನಮ್ಮವರು. ಅದಕ್ಕೇ ಧೈರ್ಯ ಮಾಡಿದೆ.

ಇತಿ ನಮಸ್ಕಾರಗಳೊಂದಿಗೆ,
ಮೈಥಿಲಿ

*

ನ್ಯಾಷನಲ್ ಸಿಟಿ
7 ಏಪ್ರಿಲ್ 1979

ಶ್ರೀಮತಿ ಮೈಥಿಲಿ ಅವರಿಗೆ,

ನಾಲ್ಕು ಮಾತು ಏಕೆ, ನಾನೂರು ಕಲಿಸುತ್ತೇನೆ. ನಾನು ಓದಿದ್ದು ವಿಜಾಪುರ ಜಿಲ್ಲೆಯ ಏಳನೇ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ. ಆಮೇಲೆ ಏಳು ವರ್ಷ ಇರಾನಿನ ಅಬಾದಾನಿನ ಎಣ್ಣೆ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿದೆ. 1951ರಲ್ಲಿ ಅಲ್ಲಿಂದ ನಮ್ಮನ್ನೆಲ್ಲ ಎಬ್ಬಿಸಿದಾಗ ಟ್ಯಾಂಕರ್ ಹಡಗು ಹತ್ತಿದವ, ಸುತ್ತಿ ಸುತ್ತಿ ಇಲ್ಲಿ ಇಳಿದೆ. ಈಗ ಹಳೇ ಕಾರಿನ ಸಾಮಾನು ಮಾರುತ್ತೇನೆ. ಡಾಕ್ಟರು ಇಂಜಿನಿಯರುಗಳ ನಡುವೆ ನನಗೂ ಒಂದು ಕುರ್ಚಿ ಹಾಕುತ್ತಾರಲ್ಲ, ಅದು ಈ ಫಾರಸಿಯ ದೆಸೆಯಿಂದ. ಅಂದಮೇಲೆ ಅದನ್ನು ಕಲಿಸಲು ನಾನು ಹಿಂದೆಗೆಯುವುದುಂಟೆ?

ನಮ್ಮ ಸ್ಟೋರಿನಲ್ಲಿ ಪ್ರತಿ ಖಾನೆಗೆ ಒಂದು ಕಾರ್ಡು ನೇತುಹಾಕುತ್ತಿದ್ದೆವು. ನೀವೂ ವಾಕ್ಯಕ್ಕೊಂದು ಕಾರ್ಡು ಮಾಡಿ. ಗೆರೆ ಎಳೆದು ಮೂರು ಮನೆ ಮಾಡಿ: ಯಾರು, ಏನು, ಏನಾಯಿತು. ಮನ್ ಆಬ್ ಮೀಖಾಹಮ್. ನಾನು, ನೀರು, ಬೇಕೆನ್ನುತ್ತೇನೆ. ನೋಡಿ, ಕೆಲಸ ಕೊನೆಯ ಮನೆಯಲ್ಲಿ ಬಂದು ಕೂತಿತು, ನಮ್ಮ ಕನ್ನಡದ ಹಾಗೇ. ಇಂಗ್ಲಿಷಿನ ಹಾಗೆ ನಡುವೆ ನುಗ್ಗುವುದಿಲ್ಲ. ಅರ್ಧ ಭಾಷೆ ನಿಮಗೆ ಆಗಲೇ ಬಂದಂತೆ.

ಬೇಡ ಎನ್ನಬೇಕಾದರೆ ಆ ಕೊನೆಯ ಪದದ ಮುಂದೆ ಒಂದು 'ನೆ' ಹಚ್ಚಿ, ಕೆಲವು ಕಡೆ ಅದೇ 'ನ' ಆಗುತ್ತದೆ: ನೆಮೀಖಾಹಮ್. 'ಪತ್ರವನ್ನು' ಎನ್ನುವಲ್ಲಿ ನಮ್ಮ 'ಅನ್ನು' ಇದೆಯಲ್ಲ, ಅದರ ಜಾಗಕ್ಕೆ ಅವರಲ್ಲಿ 'ರಾ'. ನಾಮೆ ರಾ ಖಾಂದಮ್ ಅಂದರೆ ಪತ್ರವನ್ನು ಓದಿದೆ. ಒಂದು ಕಡೆ ಮಾತ್ರ ಅವರದು ತಿರುಗುಮುರುಗು. ನಮ್ಮಲ್ಲಿ ಯಜಮಾನ ಮುಂದೆ, ಸರಕು ಹಿಂದೆ. 'ನನ್ನ ಗಂಡ' ಎನ್ನುತ್ತೇವೆ. ಅವರಲ್ಲಿ ಸರಕು ಮುಂದೆ: ಶೌಹರೆ ಮನ್. ಎಲ್ಲಿದ್ದಾರೆ ಎನ್ನಲು, ಶೌಹರೆ ಮನ್ ಕೊಜಾಸ್ತ್? ಇದನ್ನು ದಿನಕ್ಕೆ ಐವತ್ತು ಸಲ ಹೇಳಿ.

ಅವರ ಲಿಪಿಯ ಗೊಡವೆ ಸದ್ಯಕ್ಕೆ ಬೇಡ. ಅದಕ್ಕೆ ಕೈ ಹಚ್ಚಿದರೆ ಎರಡು ವರ್ಷ ಹೋಗುತ್ತದೆ. ಎಲ್ಲ ಕನ್ನಡದಲ್ಲೇ ಬರೆದುಕೊಳ್ಳಿ. ಅಲ್ಲಿಂದ ಕಾಗದ ಬಂದರೆ ನನಗೆ ಕಳಿಸಿ, ಓದಿ ಹೇಳುತ್ತೇನೆ.

ನೀಲಕಂಠಪ್ಪ

*

ಟೊರೆನ್ಸ್
20 ಮೇ 1979

ಶ್ರೀ ನೀಲಕಂಠಪ್ಪನವರಿಗೆ,

ಪಾತ್ರೆ ತೊಳೆಯುತ್ತಾ ಹೇಳಿಕೊಳ್ಳುತ್ತೇನೆ, ಕೆಲಸಕ್ಕೆಂದು ಬರ್ಬ್ಯಾಂಕಿಗೆ ಡ್ರೈವ್ ಮಾಡುತ್ತಾ ಹೇಳಿಕೊಳ್ಳುತ್ತೇನೆ. ಫ್ರೀವೇನಲ್ಲಿ ಪಕ್ಕದ ಕಾರಿನವರು ನೋಡುತ್ತಾರೆ. ನಾನು ಸ್ಟುಡಿಯೊ ಒಂದರಲ್ಲಿ ಟೈಪಿಸ್ಟು. ಅಲ್ಲಿ ಒಬ್ಬೊಬ್ಬರೇ ಮಾತಾಡಿಕೊಳ್ಳುವವರು ಬೇಕಾದಷ್ಟಿದ್ದಾರೆ, ಹಾಗಾಗಿ ಯಾರೂ ಏನೂ ಅನ್ನುವುದಿಲ್ಲ. ಕೋಕಿಲಾಗೆ ಹತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಮೊದಮೊದಲು "ಶೌಹರೆ ಮನ್ ಕೊಜಾಸ್ತ್" ಎಂದು ಹಾಡುತ್ತಾ ಮನೆಯೆಲ್ಲ ತಿರುಗುತ್ತಿದ್ದಳು. ಅರ್ಥ ಹೇಳಿದ ದಿನದಿಂದ ಹಾಡುವುದನ್ನು ನಿಲ್ಲಿಸಿದಳು.

ಇಜ್ಜತ್ ಖಾನಂ ಅವರಿಂದ ಮೊದಲ ಕಾಗದ ಬಂದಿದೆ. ಎರಡು ಹಾಳೆ. ಮೂಲವನ್ನೇ ಕಳಿಸುತ್ತಿದ್ದೇನೆ. ಆದಷ್ಟು ಬೇಗ ಬರೆಯಿರಿ. ಅವರು ಬದುಕಿದ್ದಾರೆಯೇ, ಅಷ್ಟು ತಿಳಿದರೆ ಸಾಕು.

ಮೈಥಿಲಿ

*

ನ್ಯಾಷನಲ್ ಸಿಟಿ
25 ಮೇ 1979

ಶ್ರೀಮತಿ ಮೈಥಿಲಿ ಅವರಿಗೆ,

ಕಾಗದ ಓದಿದೆ. ಮುದುಕಿಯ ಅಕ್ಷರ ಕೋಳಿ ಕೆದರಿದ ಹಾಗಿದೆ, ಆದರೂ ಬಿಡಲಿಲ್ಲ. ನಿಮ್ಮ ಯಜಮಾನರು ಕ್ಷೇಮ. ರೊಟ್ಟಿ, ಚಹಾ, ಮಧ್ಯಾಹ್ನ ಅನ್ನ ಕೊಡುತ್ತಾರಂತೆ. ವಾರಕ್ಕೆ ಎರಡು ಸಲ ಈಕೆ ಹೋಗಿ ಕಾಣುತ್ತಾಳೆ. ನಿಮ್ಮನ್ನೂ ಮಗಳನ್ನೂ ಕೇಳಿದರಂತೆ. ವಿಚಾರಣೆ ನಡೆಯುವವರೆಗೆ ತಾಳ್ಮೆ ಬೇಕು ಎಂದಿದ್ದಾಳೆ. ಉಳಿದದ್ದೆಲ್ಲ ದುವಾ, ಸಲಾಮು.

ಈ ವಾರದ ಹತ್ತು ವಾಕ್ಯ ಇದರ ಜೊತೆ ಇವೆ. ಅವನಿಗೂ ಅವಳಿಗೂ ಅವರಲ್ಲಿ ಒಂದೇ ಪದ, 'ಊ'. ಲಿಂಗದ ರಗಳೆ ಇಲ್ಲ.

ನೀಲಕಂಠಪ್ಪ

*

ಟೊರೆನ್ಸ್
30 ಜೂನ್ 1979

ಪ್ರೀತಿಯ ಕಾಕಾ ಅವರಿಗೆ,

ನಿಮ್ಮ ಕಡೆ ಹೀಗೆ ಕರೆಯುತ್ತಾರಂತೆ, ಬಾಳಾಸಾಹೇಬರ ಮನೆಯವರು ಹೇಳಿದರು. ಇನ್ನು ಮೇಲೆ ಹೀಗೇ.

ನಿನ್ನೆ ಫೋನು ಸಿಕ್ಕಿತು. ರೊಟ್ಟಿ ಅಂಗಡಿಯವನು ಆಕೆಯನ್ನು ಕರೆತಂದ. ನಾನು ಕಾರ್ಡು ನೋಡಿಕೊಂಡು "ಶೌಹರೆ ಮನ್ ಕೊಜಾಸ್ತ್?" ಎಂದೆ. ಆಕೆ ಅಳುತ್ತಾ ಏನೇನೋ ಹೇಳಿದರು. ನನಗೆ ಸಿಕ್ಕಿದ್ದು ಇಷ್ಟೇ: "ಹಾಲಶ್ ಖೂಬ್ ಅಸ್ತ್." ಅವರ ಸ್ಥಿತಿ ಚೆನ್ನಾಗಿದೆ. ಅಲ್ಲವೇ? ನೀವು ಕಾಗದ ಓದಿ ಹೇಳಿದ್ದೇ ಆಕೆಯ ಬಾಯಿಂದಲೂ ಬಂತು. ಆರು ತಿಂಗಳ ಮೇಲೆ ನಿನ್ನೆ ರಾತ್ರಿ ನಿದ್ದೆ ಮಾಡಿದೆ.

ನಿಮ್ಮ ಋಣ ತೀರಿಸುವ ದಾರಿ ಕಾಣೆ.

ಮೈಥಿಲಿ

*

ಟೊರೆನ್ಸ್
9 ಅಕ್ಟೋಬರ್ 1979

ಕಾಕಾ ಅವರಿಗೆ,

ಎರಡನೇ ಕಾಗದ ಇವತ್ತು ಬಂತು. ಒಂದೇ ಹಾಳೆ. ಎರಡು ಕಡೆ ಕೆಂಪು ಇಂಕಿನಲ್ಲಿ ಗೆರೆ ಹಾಕಿದ್ದಾರೆ. ಎಕ್ಸ್‌ಪ್ರೆಸ್ ಟಪಾಲಿನಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಅಂಗಡಿ ಒಂದು ಗಂಟೆ ಮುಚ್ಚಿಯಾದರೂ ಓದಿ. ಏನಾದರೂ ಮಾಡಬೇಕೆಂದು ಬರೆದಿದ್ದರೆ ಇವತ್ತೇ ಮಾಡುತ್ತೇನೆ.

ಮೈಥಿಲಿ

*

ನ್ಯಾಷನಲ್ ಸಿಟಿ
14 ಅಕ್ಟೋಬರ್ 1979

ತಂಗಿ ಮೈಥಿಲಿಗೆ,

ಗಾಬರಿಯಾಗುವಂಥದ್ದು ಏನೂ ಇಲ್ಲ. ಗೆರೆ ಹಾಕಿದ ಎರಡೂ ಅಂಕಿಗಳು. 214 ಎಂಬುದು ಅವರನ್ನು ಈಗ ಇಟ್ಟಿರುವ ಕೋಣೆಯ ನಂಬರು. 10 ಎಂದರೆ, ಹತ್ತು ದಿನದ ಕೆಳಗೆ ಈಕೆ ಅವರನ್ನು ಕಂಡು ಬಂದದ್ದು. ನೀವು ಮರೆಯಬಾರದೆಂದು ಗೆರೆ ಹಾಕಿದ್ದಾಳೆ, ಅಷ್ಟೆ. ಮುದುಕಿಯರು ಎಲ್ಲದಕ್ಕೂ ಕೆಂಪು ಗೆರೆ ಎಳೆಯುತ್ತಾರೆ. ನಮ್ಮ ಅವ್ವನೂ ಪಂಚಾಂಗದ ತುಂಬ ಎಳೆಯುತ್ತಿದ್ದಳು.

ನೀವು ಮಾಡಬೇಕಾದದ್ದು ಒಂದೇ, ಪಾಠ ಬಿಡಬೇಡಿ.

ನೀಲಕಂಠಪ್ಪ

*

ಟೊರೆನ್ಸ್
12 ನವೆಂಬರ್ 1979

ಕಾಕಾ ಅವರಿಗೆ,

ಟೆಹರಾನಿನಲ್ಲಿ ರಾಯಭಾರ ಕಚೇರಿಯವರನ್ನು ಹಿಡಿದಿಟ್ಟ ಮೇಲೆ ಇಲ್ಲಿಯ ಗಾಳಿಯೇ ಬೇರೆಯಾಗಿದೆ. ಶುಕ್ರವಾರ ಗ್ಯಾಸ್ ಸ್ಟೇಷನ್ನಿನಲ್ಲಿ ಒಬ್ಬ ನನ್ನ ಬಣ್ಣ ನೋಡಿ "ಗೋ ಬ್ಯಾಕ್ ಟು ಇರಾನ್" ಎಂದ. ವೀಸಾ ಕೊಡಿಸಪ್ಪ, ಈಗಲೇ ಹೊರಟೆ ಎನ್ನಬೇಕೆನಿಸಿತು.

ನಾಲ್ಕು ದಿನ ಆಪರೇಟರನ್ನು ಕಾಡಿ ಫೋನು ಸಿಕ್ಕಿತು. ನಾನು ಬಾಯಿ ತೆರೆಯುವ ಮುಂಚೆಯೇ ಇಜ್ಜತ್ ಖಾನಂ ಕೇಳಿದರು: "ನಾಮೆ ರಾ ನಖಾಂದೀದ್?" ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ, ಎರಡು ಸಲ. ನೀವು ಕಲಿಸಿದ ಮೂರು ಮನೆಯ ಕಾರ್ಡಿನಲ್ಲಿ ಇಟ್ಟು ನೋಡಿದೆ. ಪತ್ರವನ್ನು ಓದಲಿಲ್ಲವೇ, ಎಂದು ತಾನೇ? ಆಮೇಲೆ "ದೀರ್ ಶೋದ್, ದೀರ್ ಶೋದ್" ಎಂದು ಹೇಳುತ್ತಲೇ ಇದ್ದರು. ಲೈನು ಕಡಿದುಹೋಯಿತು.

ನಾವು ಓದಿದ್ದೇವಲ್ಲ ಕಾಕಾ, ಮತ್ತೆ ಯಾಕೆ ಹಾಗೆ ಕೇಳಿದರು? ದೀರ್ ಶೋದ್ ಎಂದರೇನು?

ಮೈಥಿಲಿ

*

ನ್ಯಾಷನಲ್ ಸಿಟಿ
16 ನವೆಂಬರ್ 1979

ತಂಗಿ ಮೈಥಿಲಿಗೆ,

ನೀವು ಬಿಡಿಸಿದ್ದು ಸರಿ, ಪತ್ರ ಓದಲಿಲ್ಲವೇ ಎಂದೇ ಅರ್ಥ. ನಡುವೆ ಇನ್ನೊಂದು ಬರೆದಿರಬೇಕು, ಈ ಗದ್ದಲದಲ್ಲಿ ಟಪಾಲಿನಲ್ಲಿ ಕಳೆದುಹೋಗಿರಬೇಕು. ಅಂಗಡಿಯಲ್ಲಿ ಗಿರಾಕಿ ಬಹಳ. ಈ ವಾರ ಪಾಠ ಇಲ್ಲ.

ನೀಲಕಂಠಪ್ಪ

*

ನ್ಯಾಷನಲ್ ಸಿಟಿ
1 ಡಿಸೆಂಬರ್ 1979

ತಂಗಿ ಮೈಥಿಲಿಗೆ,

ಈ ಪತ್ರ ಕೈಗೆ ಬಂದ ದಿನವೇ ಕೆಲಸಕ್ಕೆ ರಜೆ ಹಾಕಿ ಕಂಪನಿಯ ಆಫೀಸಿಗೆ ಹೋಗಿ. 'ಇಂದುಶೇಖರ ಅವರು ಗೋದಾಮಿನಲ್ಲಿದ್ದ 214 ರೇಡಿಯೋ ಸೆಟ್ಟುಗಳ ಲೆಕ್ಕ ಒಪ್ಪಿಸಿದ್ದಾರೆ, ಅವರ ಮೇಲೆ ಯಾವ ಬಾಕಿಯೂ ಇಲ್ಲ' ಎಂದು ಕಂಪನಿಯ ಮೊಹರು ಹಾಕಿದ ಕಾಗದ ಮಾಡಿಸಿಕೊಳ್ಳಿ. ಇಜ್ಜತ್ ಖಾನಂಗೆ ರಿಜಿಸ್ಟರ್ ಮಾಡಿ ಕಳಿಸಿ. ಏಕೆ, ಹೇಗೆ ಎಂದು ಈಗ ಕೇಳಬೇಡಿ. ಸ್ಟೋರಿನ ಕೆಲಸ ಬಲ್ಲವನ ಮಾತು ಎಂದು ತಿಳಿದು ಮಾಡಿ.

ನೀಲಕಂಠಪ್ಪ

*

ಟೊರೆನ್ಸ್
10 ಡಿಸೆಂಬರ್ 1979

ಕಾಕಾ ಅವರಿಗೆ,

ಆಯಿತು. ನಮ್ಮ ಮನೆಯಿಂದ ಆ ಆಫೀಸಿಗೆ ಹದಿನೈದು ನಿಮಿಷದ ದಾರಿ. ಇಷ್ಟು ದಿನ ಫೋನ್ ಮಾಡಿದಾಗೆಲ್ಲ "ಸರ್ಕಾರದ ಮೂಲಕ ಪ್ರಯತ್ನ ಮಾಡುತ್ತಿದ್ದೇವೆ" ಎನ್ನುತ್ತಿದ್ದರು. ಇಂಥದೇ ಕಾಗದ ಕೊಡಿ ಎಂದು ಕೇಳಲು ನನಗೆ ಗೊತ್ತಿರಲಿಲ್ಲ. ಕೇಳಿದ ಕೂಡಲೆ ಕೌಂಟರಿನ ಹೆಂಗಸು ಕಪಾಟು ತೆರೆದು ಕಡತ ತೆಗೆದಳು. "ಇಷ್ಟೇನಾ? ಇದು ಜನವರಿಯಿಂದ ಇಲ್ಲೇ ಇದೆ. ನೀವು ಮುಂಚೆ ಬಂದಿದ್ದರೆ ಮುಂಚೆಯೇ ಕೊಡುತ್ತಿದ್ದೆ" ಎಂದಳು. ಇಪ್ಪತ್ತು ನಿಮಿಷದಲ್ಲಿ ಟೈಪ್ ಆಗಿ, ಮೊಹರು ಬಿದ್ದು ಕೈಗೆ ಬಂತು. ಒಂದು ಸ್ವೆಟರ್ ಕೂಡ ಪಾರ್ಸೆಲ್ ಮಾಡಿದೆ.

ಎಷ್ಟು ದೊಡ್ಡ ವಕೀಲರಿಗೂ ಹೊಳೆಯದ್ದು ನಿಮಗೆ ಹೊಳೆಯಿತು. 214 ಕೋಣೆಯ ನಂಬರು ಎಂದಿದ್ದಿರಿ. ಮತ್ತೆ ಓದಿ ನೋಡಿದಿರಾ? ಅಂತೂ ನಿಮ್ಮಂಥವರು ಸಿಕ್ಕಿದ್ದು ನಮ್ಮ ಪುಣ್ಯ.

ದೀರ್ ಶೋದ್ ಎಂದರೇನೆಂದು ನೀವು ಬರೆಯಲೇ ಇಲ್ಲ.

ಮೈಥಿಲಿ

*

ಟೊರೆನ್ಸ್
11 ಫೆಬ್ರವರಿ 1980

ಕಾಕಾ ಅವರಿಗೆ,

ಮೂರನೇ ಕಾಗದ ಬಂದಿದೆ, ಜೊತೆಗಿದೆ. ಇದರಲ್ಲಿ ಕೆಂಪು ಗೆರೆ ಇಲ್ಲ. ಕಂಪನಿಯ ಕಾಗದ ಮುಟ್ಟಿತೆಂದು ಬರೆದಿರಬೇಕು, ಅವರು ಹೊರಗೆ ಬರುವ ತಾರೀಖು ಬರೆದಿರಬೇಕು. ಕೋಕಿಲಾ ದಿನಾ ಶಾಲೆಯಿಂದ ಬಂದವಳೇ ಕೇಳುತ್ತಾಳೆ: "ಮಾಮ್, ಈಸ್ ಹಿ ಕಮಿಂಗ್ ಆರ್ ನಾಟ್?"

ಯುಗಾದಿಗೆ ನಿಮಗೊಂದು ಆಶ್ಚರ್ಯ ಕಾದಿದೆ. ಈಗ ಹೇಳುವುದಿಲ್ಲ.

ಮೈಥಿಲಿ

*

ನ್ಯಾಷನಲ್ ಸಿಟಿ
20 ಮಾರ್ಚ್ 1980

ತಂಗಿ ಮೈಥಿಲಿಗೆ,

ಉತ್ತರ ತಡವಾಯಿತು. ಮೈಯಲ್ಲಿ ಹುಷಾರಿಲ್ಲ. ಈ ಸಲ ಯುಗಾದಿ ಊಟಕ್ಕೆ ಬರುವುದಿಲ್ಲ.

ಕಾಗದದಲ್ಲಿ ವಿಶೇಷವೇನೂ ಇಲ್ಲ. ಅಲ್ಲಿ ಚಳಿ ಬಹಳವಂತೆ. ಅವರು ಕ್ಷೇಮ. ನೀವು ಕಳಿಸಿದ ಸ್ವೆಟರ್ ಅಳತೆಗೆ ಸರಿಯಾಗಿದೆಯಂತೆ.

ನೀಲಕಂಠಪ್ಪ

*

ಟೊರೆನ್ಸ್
2 ಏಪ್ರಿಲ್ 1980

ಶ್ರೀ ನೀಲಕಂಠಪ್ಪನವರಿಗೆ,

ನಾನು ಹೇಳಬೇಕೆಂದಿದ್ದ ಆಶ್ಚರ್ಯ ಇದು. ಜನವರಿಯಲ್ಲಿ ಲೈಬ್ರರಿಯಿಂದ ಮಕ್ಕಳ ಪರ್ಷಿಯನ್ ಪಾಠಪುಸ್ತಕ ತಂದು ಲಿಪಿ ಕಲಿಯತೊಡಗಿದೆ. ಎರಡು ವರ್ಷ ಬೇಕೆಂದಿದ್ದಿರಿ. ಮೂವತ್ತೆರಡು ಅಕ್ಷರ, ನನಗೆ ಏಳು ವಾರ ಹಿಡಿಯಿತು. ಯುಗಾದಿಯ ದಿನ ಇಜ್ಜತ್ ಖಾನಂ ಅವರ ಕಾಗದವನ್ನು ನಿಮ್ಮೆದುರು ಓದಿ ತೋರಿಸಿ ನಿಮ್ಮಿಂದ ಶಭಾಸ್ ಎನ್ನಿಸಿಕೊಳ್ಳಬೇಕೆಂದಿದ್ದೆ. ಕಳೆದುಹೋಗಬಾರದೆಂದು ಮೂರೂ ಕಾಗದಗಳನ್ನು ಸ್ಟುಡಿಯೊದ ಮೆಷಿನ್ನಿನಲ್ಲಿ ಕಾಪಿ ಮಾಡಿಕೊಂಡಿದ್ದೆ.

ಅಲ್ಲಿಯವರೆಗೆ ಪುಸ್ತಕದ ಅಚ್ಚಿನ ಅಕ್ಷರದಲ್ಲೇ ಇದ್ದೆ. ನಿಮ್ಮ ಪತ್ರ ಬಂದ ಮೇಲೆ ಮೂರನೇ ಕಾಗದ ತೆಗೆದು 'ಸ್ವೆಟರ್' ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ. ಮೊದಲ ಸಾಲಿನಲ್ಲಿ, ತೀರಿಕೊಂಡವರಿಗೆ ಅನ್ನುವ 'ದೇವರು ಅವರ ಮೇಲೆ ದಯೆ ತೋರಲಿ' ಎಂಬ ಮಾತಿತ್ತು. ನಾನು ಬಿಡಿಸಿದ್ದು ತಪ್ಪಿರಬೇಕು ಎಂದುಕೊಂಡೆ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬ ಇರಾನಿ ಹೆಂಗಸಿದ್ದಾರೆ. ಒಂದು ವರ್ಷ ಅವರನ್ನು ಕಂಡರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ನಿನ್ನೆ ಹೋಗಿ ಬಾಗಿಲು ತಟ್ಟಿದೆ. ಎರಡು ಸಾಲು ಓದುವುದರೊಳಗೆ ಆಕೆ ನನ್ನ ಕೈ ಹಿಡಿದುಕೊಂಡರು.

ಮೂರರಲ್ಲಿ ಏನಿದೆಯೆಂದು ಈಗ ನಾನು ನಿಮಗೆ ಓದಿ ಹೇಳುತ್ತೇನೆ.

ಮೊದಲನೆಯದು: ಕ್ಷೇಮವಾಗಿದ್ದಾರೆ, ಬಟ್ಟೆ ಕೊಟ್ಟು ಬಂದೆ, ಗೋದಾಮಿನ ವಿಷಯವಾಗಿ ಕೇಳುತ್ತಿದ್ದಾರೆ.

ಎರಡನೆಯದು: ಗೋದಾಮಿನ 214 ಸೆಟ್ಟುಗಳನ್ನು ಇವರೇ ಮಾರಿಕೊಂಡರೆಂದು ಹೇಳುತ್ತಿದ್ದಾರೆ. ಲೆಕ್ಕ ಒಪ್ಪಿಸಿದ್ದಕ್ಕೆ ಕಂಪನಿಯ ಮೊಹರಿನ ಕಾಗದ ಆಬಾನ್ ತಿಂಗಳ 10ರೊಳಗೆ ಬಂದರೆ ಬಿಡುತ್ತಾರೆ. ಬರದಿದ್ದರೆ ಬೇರೆ ಊರಿನ ಜೈಲಿಗೆ ಒಯ್ಯುತ್ತಾರೆ, ಅಲ್ಲಿಗೆ ನನ್ನನ್ನು ಬಿಡುವುದಿಲ್ಲ. ಆಬಾನ್ 10 ಎಂದರೆ ನವೆಂಬರ್ ಒಂದು. ಆ ಕಾಗದ ನಿಮ್ಮ ಕೈಗೆ ಕೊಟ್ಟಾಗ ಮೂರು ವಾರ ಸಮಯವಿತ್ತು.

ಮೂರನೆಯದು: ಹೊಸ ಜೈಲಿನಲ್ಲಿ ನ್ಯುಮೋನಿಯಾ ಆಗಿ ಜನವರಿ ಹನ್ನೊಂದರಂದು ತೀರಿಕೊಂಡರು. ಕಂಪನಿಯ ಕಾಗದ ಹದಿನೆಂಟರಂದು ಮುಟ್ಟಿತು. ಸಮಿತಿಗೆ ಒಯ್ದೆ. ಅವರು ನೋಡಿ, ಲೆಕ್ಕ ಸರಿಯಿದೆ ಎಂದು ಬರೆದು ಮೊಹರು ಹಾಕಿಕೊಟ್ಟರು.

ನಿಮಗೆ ಪರ್ಷಿಯನ್ ಓದಲು ಬರುತ್ತದೆಯೇ? ಒಂದು ಸಾಲಿನ ಉತ್ತರ ಸಾಕು.

ಮೈಥಿಲಿ

*

ನ್ಯಾಷನಲ್ ಸಿಟಿ
9 ಏಪ್ರಿಲ್ 1980

ಮೈಥಿಲಿ ಅವರಿಗೆ,

ಬರುವುದಿಲ್ಲ.

ಒಂದು ಸಾಲು ಸಾಕೆಂದಿದ್ದೀರಿ. ನಾನು ಒಂದು ಸಾಲಿಗೆ ನಿಲ್ಲುವವನಲ್ಲ.

ನನ್ನ ಫಾರಸಿ ಕಿವಿಯಿಂದ ಬಂದದ್ದು. ಗೋದಾಮಿನ ಕೂಲಿಗಳಿಂದ, ಚಹಾದ ಅಂಗಡಿಯಿಂದ. ಕಾರ್ಡಿನ ಮೇಲೆ ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ಅವರ ಅಂಕಿ ಮಾತ್ರ ಬಲ್ಲೆ, ಪೆಟ್ಟಿಗೆಗಳ ಮೇಲೆ ಇರುತ್ತಿದ್ದವು. ಬಾಳಾಸಾಹೇಬರ ಮನೆಯಲ್ಲಿ ಎಲ್ಲರೂ ನನ್ನನ್ನು ಫಾರಸಿ ಪಂಡಿತ ಎಂದರು. ಪಂಡಿತನಿಗೆ ಓದಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಹೇಳುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಮೊದಲ ಕಾಗದ ಬಂದಾಗ, ಕ್ಷೇಮ ಎಂದು ಬರೆದುಬಿಡೋಣ, ಸೆರೆಮನೆಯ ಕಾಗದದಲ್ಲಿ ಬೇರೆ ಏನಿರುತ್ತದೆ ಎಂದುಕೊಂಡೆ. ಫೋನಿನಲ್ಲಿ ಮುದುಕಿ ಅದನ್ನೇ ಹೇಳಿದಳು. ನೀವು ಕಾಕಾ ಎಂದಿರಿ. ಅಲ್ಲಿಗೆ ನನಗೆ ಓದಲು ಬರುತ್ತದೆ ಎಂದು ನನಗೇ ನಂಬಿಕೆ ಬಂತು. ಎರಡನೆಯದರಲ್ಲಿ 214, 10 ಎಂಬ ಅಂಕಿ ಕಂಡವು. ಕೋಣೆ ಎಂದೆ, ದಿನ ಎಂದೆ. ಇರಾನಿಯವರಿಗೆ ತೋರಿಸಬೇಡಿ ಎಂದು ನೀವು ಹೇಳಿದ್ದು ನನಗೆ ಒಳ್ಳೆಯ ನೆಪವಾಯಿತು.

"ದೀರ್ ಶೋದ್" ಎಂದು ನೀವು ಬರೆದದ್ದು ನೋಡುತ್ತಲೇ ತಿಳಿಯಿತು. ಅದು ಕಿವಿಯ ಫಾರಸಿ, ನನಗೆ ಚೆನ್ನಾಗಿ ಗೊತ್ತು. ಹೊತ್ತು ಮೀರಿತು ಎಂದು ಅರ್ಥ. ಹತ್ತು ದಿನ ಆ ಎರಡನೇ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಆಮೇಲೆ ಊರೊಳಗಿನ ಒಬ್ಬ ಇರಾನಿ ರತ್ನಗಂಬಳಿ ವ್ಯಾಪಾರಿಯ ಹತ್ತಿರ ಹೋದೆ. ಅವನ ಸಂಗಡ ಅರ್ಧ ತಾಸು ಹರಟೆ ಹೊಡೆದು ಕಾಗದ ತೆಗೆದೆ.

"ನಿನ್ನ ಫಾರಸಿ ಇಷ್ಟು ಸೊಗಸು, ನೀನೇ ಓದಬಾರದೇನು?" ಎಂದ.

"ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ" ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಅವನು ನೋಡಿದ, ಓದಿದ. ಓದಿ "ಈ ತಾರೀಖು ಹೋಯಿತಲ್ಲ" ಎಂದ.

ಲೆಕ್ಕ ಒಪ್ಪಿಸಿದ ಕಾಗದ. ನನ್ನ ಜೀವಮಾನದಲ್ಲಿ ಅಂಥ ನೂರು ಕಾಗದ ಬರೆದಿದ್ದೇನೆ. ಒಬ್ಬ ಸ್ಟೋರ್‌ಕೀಪರನಿಗೆ ತಿಳಿಯದೆ ಇರುವ ಕಾಗದವಲ್ಲ ಅದು. ಆಗಲೇ ನಿಮಗೆ ನಿಜ ಹೇಳಬೇಕಿತ್ತು. ನಿಜ ಹೇಳದೆ ಕೆಲಸ ಮಾತ್ರ ಮಾಡಿಸಿದರೆ ಎರಡೂ ಉಳಿಯುತ್ತವೆ ಎಂದು ಲೆಕ್ಕ ಹಾಕಿದೆ, ಅವರ ಜೀವವೂ ನನ್ನ ಮಾನವೂ. ಮೂರನೆಯದನ್ನೂ ಅದೇ ಅಂಗಡಿಯಲ್ಲಿ ಓದಿಸಿದೆ. ಐದು ವಾರ ಪ್ರತಿದಿನ ನಿಮಗೆ ಬರೆಯಲು ಕೂತೆ. ಕಡೆಗೆ ಸ್ವೆಟರಿನ ಮಾತು ಬರೆದೆ.

ನೀಲಕಂಠಪ್ಪ

*

ಟೊರೆನ್ಸ್
22 ಮಾರ್ಚ್ 1981

ಶ್ರೀ ನೀಲಕಂಠಪ್ಪನವರಿಗೆ,

ಕಟ್ಟು ಮುಟ್ಟಿತು. ಕೋಕಿಲಾಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಹಾಗಾಗಿ ನಾನೇ ಎರಡು ದಿನ ಕೂತು ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಮುಗಿದ ಮೇಲೆ ಅವಳು "ವೇರ್ ಡಸ್ ಹಿ ಸೇ ಸಾರಿ?" ಎಂದು ಕೇಳಿದಳು. ಮತ್ತೆ ಎಲ್ಲ ತಿರುವಿ ನೋಡಿದೆ. ಎಲ್ಲೂ ಇರಲಿಲ್ಲ. "ಅವರು ಲೆಕ್ಕ ಬರೆದಿದ್ದಾರೆ" ಎಂದೆ.

ಇದು ನಿಮ್ಮನ್ನು ಬಯ್ಯಲು ಬರೆದ ಪತ್ರವಲ್ಲ. ಬಯ್ಯುವುದಕ್ಕೆ ಹೊರಟರೆ ನನ್ನನ್ನೂ ಸೇರಿಸಿಕೊಳ್ಳಬೇಕು. ನಾಲ್ಕು ಮನೆ ಆಚೆ ಓದಬಲ್ಲವರನ್ನು ಇಟ್ಟುಕೊಂಡು, ನಮ್ಮವರು ಎಂದು ನೂರಿಪ್ಪತ್ತು ಮೈಲಿ ದೂರಕ್ಕೆ ಟಪಾಲು ಹಾಕಿದವಳು ನಾನು.

ಸೆಪ್ಟೆಂಬರಿನಲ್ಲಿ ಬರ್ಬ್ಯಾಂಕಿನ ಕೆಲಸ ಬಿಟ್ಟೆ. ಲಾಸ್ ಏಂಜಲೀಸಿನಲ್ಲಿ ಹೊಸದಾಗಿ ಬಂದಿಳಿಯುತ್ತಿರುವ ಇರಾನಿಯವರ ಅರ್ಜಿಗಳನ್ನು ತುಂಬಿಕೊಡುವ ಕಚೇರಿಯಲ್ಲಿದ್ದೇನೆ. ಅವರ ಕಾಗದಪತ್ರ ಓದಿ ಇಂಗ್ಲಿಷಿಗೆ ಇಳಿಸುವುದು ಕೆಲಸ. ನಾನು ಬಾಯಿ ತೆರೆದರೆ ನಗುತ್ತಾರೆ. ಹೋದ ವಾರ ಒಬ್ಬ ಮುದುಕರು "ಖಾನಂ, ನೀವು ಅಬಾದಾನಿನಲ್ಲಿ ಯಾವ ಗೋದಾಮಿನಲ್ಲಿ ಕೂಲಿ ಮಾಡುತ್ತಿದ್ದಿರಿ?" ಎಂದು ಕೇಳಿದರು. ತಿಳಿಯದ ಅಕ್ಷರ ಬಂದರೆ ತಿಳಿಯುವುದಿಲ್ಲ ಎಂದು ಅವರ ಮುಖಕ್ಕೇ ಹೇಳುತ್ತೇನೆ. ಮೊದಮೊದಲು ಕಷ್ಟವಾಗುತ್ತಿತ್ತು.

ಏನು ಹಿಡಿಯಿತು ಎಂದು ನೀವು ಬರೆದಿದ್ದೀರಿ. ಯಾರಿಗೆ ಏನು ಸಿಕ್ಕಿತು ಎಂಬುದನ್ನು ನಾನು ಬರೆಯುತ್ತೇನೆ. ಇದಕ್ಕೂ ಒಂದು ಪ್ರತಿ ಇಟ್ಟುಕೊಳ್ಳಿ. ಸಮಿತಿಯವರಿಗೆ ಗೋದಾಮು ಸಿಕ್ಕಿತು. ಕಂಪನಿಗೆ ಬಾಕಿಯಿಲ್ಲದ ಕಡತ ಸಿಕ್ಕಿತು. ಇಜ್ಜತ್ ಖಾನಂಗೆ ಅವರ ಕೋಣೆ ವಾಪಸು ಸಿಕ್ಕಿತು. ಈಗ ಅದರಲ್ಲಿ ಒಬ್ಬ ಮೇಷ್ಟರು ಇದ್ದಾರಂತೆ. ನಿಮಗೆ ಎರಡು ಯುಗಾದಿ ಊಟದ ನಡುವೆ ಪಂಡಿತರೆಂಬ ಹೆಸರು ಸಿಕ್ಕಿತು. ನನಗೆ ಒಂದು ಭಾಷೆ, ಒಂದು ನೌಕರಿ ಸಿಕ್ಕಿತು. ಕೋಕಿಲಾಗೆ ಪತ್ರದ ಕಟ್ಟು ಸಿಕ್ಕಿತು.

ಇಂದುಶೇಖರ ಅವರಿಗೆ ಏನೂ ಸಿಗಲಿಲ್ಲ.

ಮೈಥಿಲಿ